ಅಣ್ಣನ ತೋಟದಲ್ಲಿ ಲ್ಯಾಪ್‌ಟಾಪ್ ಇಲ್ಲ

ನಮ್ಮಣ್ಣ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಹೋದ ದೀಪಾವಳಿಗೆ ಅವನು ಕಮಲಾಪುರದ ನಮ್ಮ ಬಾಳೆತೋಟದ ಮೇಲೆ ಪ್ರಬಂಧವೊಂದನ್ನು ಬರೆದು ಮನೆಮಂದಿಗೆಲ್ಲ ಕಳಿಸಿದ. ಅಜ್ಜ, ಬಾವಿ, ಕೆಂಪು ಬಾಳೆಯ ಗೊನೆ, ಒದ್ದೆ ಮಣ್ಣಿನ ವಾಸನೆ ಎಲ್ಲ ಇದ್ದವು. ಚಿಕ್ಕಮ್ಮಂದಿರು ಕಣ್ಣೀರಿನ ಎಮೋಜಿ ಹಾಕಿದರು. ಜೇವರ್ಗಿ ಕಾಲೋನಿಯ ಬಾಡಿಗೆ ಕೋಣೆಯಲ್ಲಿ ಕೂತು ಓದಿದ ನನಗೆ ಸಿಟ್ಟು ಬಂತು. ಆ ಪ್ರಬಂಧವನ್ನು ನಾನು ಹಿಂದೆಯೇ ಓದಿದ್ದೆ, ಬೇರೆ ಬೇರೆಯವರ ಹೆಸರಿನಲ್ಲಿ.

ಹೊಸಗಾಲದ ಕನ್ನಡ ಪ್ರಬಂಧಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವಳಾದ್ದರಿಂದ ಇಂಥವು ದಿನವೂ ಕಣ್ಣಿಗೆ ಬೀಳುತ್ತವೆ. ಟ್ರಾಫಿಕ್ಕಿನಲ್ಲಿ ನಿಂತ ಕಾರು, ಗಾಜಿನ ಮೇಲೆ ಮಳೆ, ತಟ್ಟನೆ ಊರು. ಕೊನೆಗೆ 'ಊರು ಮೊದಲಿನ ಹಾಗಿಲ್ಲ' ಎಂಬ ನಿಟ್ಟುಸಿರು. ಮೊದಲಿನ ಹಾಗೆಯೇ ಇರುತ್ತೇವೆಂದು ಊರಿನವರು ಯಾರಿಗೆ ಮಾತು ಕೊಟ್ಟಿದ್ದರು?

ಕಮಲಾಪುರದ ಕೆಂಪು ಬಾಳೆಗೆ ಜಿ.ಐ. ಮಾನ್ಯತೆ ಇದೆ. ಹೆಸರು ದೊಡ್ಡದು, ಬೆಳೆಯುವವನ ಪಾಡು ಬೇರೆ. ಈ ಬಾಳೆ ಉಳಿದ ಬಾಳೆಗಿಂತ ಹೆಚ್ಚು ಕಾಲ ಹೊಲದಲ್ಲಿ ನಿಲ್ಲುತ್ತದೆ, ಅಷ್ಟೂ ದಿನ ನೀರು ಕೇಳುತ್ತದೆ, ಗೊನೆ ಬಿಟ್ಟ ಹೊತ್ತಿಗೆ ಬಿರುಗಾಳಿ ಬಂದರೆ ಮುಗಿಯಿತು. ಅಪ್ಪ ಮೂರು ವರ್ಷದ ಹಿಂದೆ ಬಾಳೆ ತೆಗೆದು ತೊಗರಿ ಹಾಕಿದ. ಈಗ ಮೊಣಕಾಲು ನೋವೆಂದು ಹೊಲವನ್ನು ಪಾಲಿಗೆ ಕೊಡುತ್ತೇನೆ ಅನ್ನುತ್ತಿದ್ದಾನೆ. ಅಣ್ಣ ಒಪ್ಪುತ್ತಿಲ್ಲ.

"ಅದು ನಮ್ಮ ನೆನಪದ ಅಪ್ಪಾ. ಬಾಳಿನೇ ತೆಗೀಬಾರದಿತ್ತು."

"ರಾತ್ರಿ ಕರೆಂಟ್ ಬಂದಾಗ ನೀರು ನೀ ಹಾಯಿಸ್ತಿ ಏನಪಾ?" ಎಂದು ಅಪ್ಪ ಎದ್ದು ಹೋದ.

ನೆನಪನ್ನು ಬರೆದುಕೊಳ್ಳಲಿ, ಬೇಡವೆನ್ನುವವರಾರು? ಆದರೆ ಆ ನೆನಪು ಊರಲ್ಲಿ ಉಳಿದವರ ಬದುಕಿನ ಮೇಲೆ ತಡೆಯಾಜ್ಞೆ ತರುತ್ತದಲ್ಲ, ನನ್ನ ತಕರಾರು ಅದಕ್ಕೆ.

ಇನ್ನೊಂದು ತಕರಾರೂ ಇದೆ, ಅದು ಇದಕ್ಕಿಂತ ದೊಡ್ಡದು. 2020ರ ಲಾಕ್‌ಡೌನಿನಲ್ಲಿ ಅಣ್ಣ ತಿಂಗಳುಗಟ್ಟಲೆ ಕಮಲಾಪುರದಿಂದಲೇ ಕೆಲಸ ಮಾಡಿದ. ನೆಟ್‌ವರ್ಕ್ ಸಿಗುವುದು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ. ಬ್ಯಾಟರಿ ಮುಗಿಯುತ್ತದೆಂದು ಲ್ಯಾಪ್‌ಟಾಪಿನ ಬೆಳಕು ತಗ್ಗಿಸಿ, ಸೊಳ್ಳೆ ಹೊಡೆಯುತ್ತ, ಅಮೆರಿಕದವರೊಡನೆ ಮಾತಾಡುತ್ತಿದ್ದ. ಒಂದು ಸಂಜೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಮೀಟಿಂಗಿನಲ್ಲಿ ಕೇಳಿಸಿತು. ಯಾರೋ ಅತ್ತಲಿಂದ ಅದೇನು ಸದ್ದು ಎಂದು ಕೇಳಿದರಂತೆ. ಅಣ್ಣ ಓಡಿ ಬಂದು ಕೈಸನ್ನೆ ಮಾಡಿದ. ಅವ್ವನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. ಮರುದಿನದಿಂದ ಅವಳು ಮೀಟಿಂಗಿನ ಹೊತ್ತು ಕೇಳಿಕೊಂಡು ಒಲೆ ಹಚ್ಚತೊಡಗಿದಳು. ಕಂಪನಿಯ ಕ್ಯಾಲೆಂಡರು ನಮ್ಮ ಒಲೆಯವರೆಗೂ ಬಂದಿತ್ತು.

ಇದರ ಒಂದು ಸಾಲೂ ಅಣ್ಣನ ಪ್ರಬಂಧದಲ್ಲಿಲ್ಲ. ಕೇಳಿದೆ.

"ಅದರಾಗ ಬರೆಯೂದೇನದವ್ವಾ? ಅದು ಕೆಲಸ."

ಹನ್ನೆರಡನೆಯ ಶತಮಾನದಲ್ಲಿ ನಮ್ಮ ಸೀಮೆಯಲ್ಲಿ ಕೆಲಸವೇ ಬರೆದವರ ಹೆಸರಾಗಿತ್ತು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ಬಿದ್ದ ಅಕ್ಕಿ ಆಯುವ ಕಾಯಕದ ಗಂಡ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ತಿರುಗಿ ಕೊಟ್ಟು ಬಾ ಎಂದವಳು ಆಯ್ದಕ್ಕಿ ಲಕ್ಕಮ್ಮ. ದುಡಿಮೆಯ ಒಳಗೆ ನಿಂತೇ ಅವರು ದೇವರ ಮಾತು, ಜಗಳದ ಮಾತು ಆಡಿದರು. ನಮ್ಮ ಐಟಿ ಪ್ರಬಂಧಕಾರರು ಬರೆಯಲು ಕೂತೊಡನೆ ಕೊರಳಿನ ಐಡಿ ಕಾರ್ಡ್ ತೆಗೆದಿಡುತ್ತಾರೆ. ಬೆಂಚಿನ ಮೇಲೆ ಕೂತ ವಾರಗಳು, ಅಪ್ರೈಸಲ್ಲಿನ ಹಿಂದಿನ ರಾತ್ರಿ, ಪಕ್ಕದ ಸೀಟಿನವನು ಒಂದು ಬೆಳಗ್ಗೆ ಇಲ್ಲದಿರುವುದು, ಇವಕ್ಕೆ ಅಲ್ಲಿ ಜಾಗವಿಲ್ಲ. ಕಥೆ, ಕಾದಂಬರಿಗಳಲ್ಲಾದರೂ ಆಫೀಸು ಒಂದಿಷ್ಟು ಬಂದಿದೆ. ಪ್ರಬಂಧದಲ್ಲಿ ಬರೀ ಮಾವಿನ ಮರ. ಕಂಪನಿಯ ಗುಟ್ಟು ಹೊರಗೆ ಹಾಕುವಂತಿಲ್ಲ ಅನ್ನುತ್ತಾರೆ. ಕೋಡ್ ಯಾರು ಕೇಳಿದರು?

ಇಂಜಿನಿಯರುಗಳ ಋಣ ನನಗೆ ಗೊತ್ತಿಲ್ಲವೆಂದಲ್ಲ. ಕೆ. ಪಿ. ರಾವ್ ಅವರ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ತಂದ 'ಬರಹ' ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ನಮಗೆ ಇಷ್ಟು ಸುಲಭವಾಗಿ ದಕ್ಕುತ್ತಿರಲಿಲ್ಲ. ಆದರೆ ಇವತ್ತಿಗೂ ನನ್ನ ಮೊಬೈಲಿಗೆ 'ಹೊಂಟೀನಿ' ಅಂದರೆ ಅದು ಏನನ್ನೋ ಬರೆಯುತ್ತದೆ. ಅಣ್ಣನ ಪ್ರಬಂಧದಲ್ಲೂ ನಮ್ಮಜ್ಜ 'ಹೊರಟಿದ್ದೇನೆ ಮಗು' ಅನ್ನುತ್ತಾನೆ! ಅಜ್ಜ ಬದುಕಿನಲ್ಲಿ ಒಮ್ಮೆಯೂ ಹಾಗೆ ಅಂದವನಲ್ಲ. ಯಂತ್ರವನ್ನಾದರೂ ಮನ್ನಿಸಬಹುದು.

ನಾನೇನು ಸಾಚಾ ಅಲ್ಲ. ಅವ್ವನ ರೊಟ್ಟಿ ಸಪ್ಪಳವನ್ನು ಈಗ ನಾನೂ ಬರಹಕ್ಕೆ ಬಳಸಿಕೊಂಡೆ. ಅವಳಿಗೆ ಓದಿ ಹೇಳಿದೆ. "ಅವತ್ತು ಹಿಟ್ಟು ಒಣಗಿ ಹೋಯ್ತು, ಅದನ್ನೂ ಬರಿ" ಅಂದಳು.

ಯುಗಾದಿಗೆ ಪಾಲಿನವನು ಮಾತಿಗೆ ಬರುತ್ತಾನೆ. ಅಣ್ಣನಿಗೆ ರಜೆ ಇಲ್ಲವಂತೆ, ಏನೋ ರಿಲೀಸ್ ಇದೆಯಂತೆ. ಏನು ರಿಲೀಸು, ಎಷ್ಟು ರಾತ್ರಿ ಎದ್ದಿರಬೇಕು, ಕೆಟ್ಟರೆ ಯಾರು ಯಾರನ್ನು ಬೈಯುತ್ತಾರೆ, ಅದನ್ನು ಬರೆದು ಕಳಿಸು ಅಂದಿದ್ದೇನೆ.