ಕಲೆಗೆ ಕಾಗದದ ಸಾಕ್ಷಿ

ಅಮೆರಿಕದಲ್ಲಿ ಕಾಯಮ್ಮಾಗಿ ನೆಲೆಸಬಯಸುವ ಕಲಾವಿದನು ತನ್ನ ಅಸಾಧಾರಣ ಸಾಮರ್ಥ್ಯವನ್ನು ಆ ಸರಕಾರದ ಮುಂದೆ ರುಜುಪಡಿಸಿ ವೀಸಾ ಪಡೆಯಬಹುದು. ಅಲ್ಲಿಯ 1990ರ ವಲಸೆ ಕಾನೂನು ಈ ದಾರಿಯನ್ನು ತೆರೆದಿದೆ. ಇದಕ್ಕೆ ಯಾವ ಧಣಿಯ ಕರೆಯೋಲೆಯೂ ಬೇಕಿಲ್ಲ. ಕಲಾವಿದನು ತಾನೇ ಅರ್ಜಿ ಸಲ್ಲಿಸಬಹುದು. ಕೇಳಲು ಸುಲಭವಾದ ಈ ದಾರಿ ನಡೆಯಲು ಕಠಿನವಾದುದು.

ವಿಶ್ವಮಾನ್ಯವಾದ ಮಹಾಪ್ರಶಸ್ತಿ ಪಡೆದವನು ಮೊದಲಿಗೆ ಅದೊಂದನ್ನೇ ತೋರಿಸಿದರೂ ಸಾಕು. ಉಳಿದವರು ನಿಯಮದಲ್ಲಿ ಹೇಳಿರುವ 10 ಬಗೆಯ ಆಧಾರಗಳಲ್ಲಿ ಕನಿಷ್ಠ 3ನ್ನು ಒದಗಿಸಬೇಕು. ಪ್ರಶಸ್ತಿಗಳು, ಪತ್ರಿಕೆಗಳ ಲೇಖನ, ಇತರರ ಕಲೆಗೆ ತೀರ್ಪುಗಾರನಾದುದು, ಪ್ರತಿಷ್ಠಿತ ಸಂಸ್ಥೆಯಲ್ಲಿ ವಹಿಸಿದ ಪ್ರಮುಖ ಪಾತ್ರ, ಹೆಚ್ಚಿನ ಸಂಭಾವನೆ, ಟಿಕೆಟ್ಟಿನ ಗಳಿಕೆ ಮುಂತಾದವು ಇವುಗಳಲ್ಲಿ ಸೇರಿವೆ. ಇಷ್ಟರಿಂದಲೇ ಕೆಲಸ ಮುಗಿಯದು. ಎಲ್ಲವನ್ನೂ ಒಟ್ಟಾಗಿ ತೂಗಿ, ಈತನು ತನ್ನ ಕಲೆಯ ಶಿಖರವನ್ನೇರಿದ ಕೆಲವರಲ್ಲಿ ಒಬ್ಬನೇ ಎಂಬುದನ್ನು ಅಧಿಕಾರಿ ತೀರ್ಮಾನಿಸುತ್ತಾನೆ.

ಪರದೇಶದ ಸರಕಾರ ಸಾಕ್ಷಿ ಕೇಳುವುದನ್ನು ತಪ್ಪೆನ್ನಲಾಗದು. ಆದರೆ ನಮ್ಮ ಯಕ್ಷಗಾನ ಕಲಾವಿದನ ಪಾಡೇನು? ಹರಕೆಯ ಆಟಕ್ಕೆ ಟಿಕೆಟ್ಟಿಲ್ಲ. ಗಳಿಕೆಯ ಲೆಕ್ಕವನ್ನು ಆತನು ಎಲ್ಲಿಂದ ತರಬೇಕು? ಇರುಳೆಲ್ಲ ಆಡಿದ ಅರ್ಥ ಬೆಳಗಾದ ಮೇಲೆ ಕೇಳಿದವರ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. 2012ರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಸಂದಿತು. ಅಂತಹ ಗೌರವ ಎಷ್ಟು ಮಂದಿಯ ಪಾಲಿಗೆ ಬಂದೀತು? ಹೇಳಿದ ಅಳತೆಗಳು ತನ್ನ ಕಲೆಗೆ ಹೊಂದದಿದ್ದರೆ ಸರಿಸಮವಾದ ಬೇರೆ ಆಧಾರಗಳನ್ನು ಒಪ್ಪಿಸಲು ನಿಯಮದಲ್ಲಿ ಅವಕಾಶವುಂಟು. ಆದರೆ ಆ ಆಧಾರಗಳಾದರೂ ಕೈಯಲ್ಲಿರಬೇಕಷ್ಟೆ.

ಇಲ್ಲಿ ದೋಷ ನಮ್ಮದು. ಪತ್ರಿಕೆಯ ಬರಹವಾದರೆ ಅದರ ತಲೆಬರಹ, ದಿನಾಂಕ, ಬರೆದವರ ಹೆಸರು ಬೇಕೆಂದೂ, ಕನ್ನಡದ್ದಾದರೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಜೊತೆಗಿರಬೇಕೆಂದೂ ನಿಯಮವಿದೆ. ನಮ್ಮಲ್ಲಿ ನಡೆಯುವುದೇನು? ಮಳೆಗಾಲದಲ್ಲಿ ಮೇಳಗಳು ಮುಂಬಯಿಗೆ ಬಂದಾಗ ಹಂಚುವ ಎಷ್ಟೋ ಕರಪತ್ರಗಳಲ್ಲಿ ವಾರ, ತಾರೀಖು ಉಂಟು, ಇಸವಿಯಿಲ್ಲ. ದಾನಿಗಳ ಹೆಸರು ದಪ್ಪಕ್ಷರದಲ್ಲಿ, ವೇಷಧಾರಿಗಳು ‘ಮುಂತಾದವರು’. ಪತ್ರಿಕೆಗಳಾದರೂ ಆಟವು ಯಶಸ್ವಿಯಾಗಿ ಜರಗಿತೆಂದು ಎರಡು ಸಾಲು ಅಚ್ಚು ಹಾಕಿ ಕೈ ತೊಳೆದುಕೊಳ್ಳುತ್ತವೆ. ನಾವೂ ಇದಕ್ಕೆ ಹೊರತಲ್ಲ. ಕಲಾವಿದನಿಗೆ ಶಾಲು ಹೊದಿಸುತ್ತೇವೆ. ಯಾವ ಸಾಧನೆಗೆ ಹೊದಿಸಿದೆವೆಂದು ಬರೆದುಕೊಡುವುದಿಲ್ಲ.

ಕೊರತೆ ದೊಡ್ಡದಲ್ಲ, ನೀಗಿಸಬಹುದಾದುದೇ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಇರುಳೆಲ್ಲ ಆಟ ನೋಡುವ ಬಂಧುಗಳಿಗಿಂತ ಉತ್ತಮ ಸಾಕ್ಷಿಗಳು ಯಾರಿದ್ದಾರೆ? ಕಡತದ ಬೆಲೆಯನ್ನು ಗುಮಾಸ್ತರಿಗಿಂತ ಚೆನ್ನಾಗಿ ಬಲ್ಲವರು ಯಾರು? ಪ್ರತಿಯೊಂದು ಸಂಘವೂ ಆಟದ ಪ್ರಸಂಗ, ಪಾತ್ರ, ಕಲಾವಿದ, ಸ್ಥಳ, ಇಸವಿ, ಸಂಭಾವನೆಗಳನ್ನು ದಾಖಲಿಸಿ, ಕರಪತ್ರ ಮತ್ತು ಛಾಯಾಚಿತ್ರಗಳೊಡನೆ ಕಾಪಾಡತಕ್ಕದ್ದು. ಸ್ಪರ್ಧೆಗೆ ತೀರ್ಪುಗಾರರಾಗಿ ಬಂದವರಿಗೆ ಹಾರದೊಂದಿಗೆ ಒಂದು ಪತ್ರವನ್ನೂ ಕೊಡಲಿ. ಆದರೆ ಇಲ್ಲದ ಬಿರುದನ್ನು ಯಾರೂ ಸೃಷ್ಟಿಸಕೂಡದು. ಒಬ್ಬನ ಸುಳ್ಳು ಕಾಗದವು ಹತ್ತು ಮಂದಿಯ ನಿಜವನ್ನು ಸಂಶಯಕ್ಕೆ ಒಡ್ಡುವುದು.

ಅಮೆರಿಕಕ್ಕೆ ಹೋಗುವವರು ಕೆಲವರೇ ಸರಿ. ಊರಿನಲ್ಲಿಯೇ ಉಳಿದು, ಮುಪ್ಪಿನಲ್ಲಿ ಸರಕಾರದ ಮಾಸಾಶನಕ್ಕೆ ಅರ್ಜಿ ಹಾಕುವ ಕಲಾವಿದನಿಗೂ ತನ್ನ ಸೇವೆಯ ದಾಖಲೆ ಬೇಕು. ನಮಗಾಗಿ ಇರುಳೆಲ್ಲ ಕುಣಿದವನು ಆ ದಿನ ಬರಿಗೈಯಲ್ಲಿ ನಿಲ್ಲುವಂತಾಗಬಾರದು.