ಹಕ್ಕಿಯನ್ನು ಕಂಡು ನಿಲ್ಲುವ ನಾಯಿ

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಯನ್ನಾಗಲಿ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಜಾತ್ರೆಯನ್ನಾಗಲಿ ನೋಡಿದವರಿಗೆ ಒಂದು ದೃಶ್ಯ ಚೆನ್ನಾಗಿ ಪರಿಚಿತವಾಗಿರುತ್ತದೆ. ಹಳ್ಳಿಕಾರ್ ಜೋಡಿಯೊಂದನ್ನು ಕೊಳ್ಳಬಂದ ರೈತನು ಮೊದಲು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ. ಬಳಿಕ ನಾಲ್ಕು ಹೆಜ್ಜೆ ನಡೆಸಿ, ಮೈಮೇಲೆ ಕೈಯಿಟ್ಟು, ಅದು ಬೆದರುವುದೋ ಸುಮ್ಮನೆ ನಿಲ್ಲುವುದೋ ಎಂದು ಪರೀಕ್ಷಿಸುತ್ತಾನೆ. ಕಡೆಗೆ, ಯಾವ ಬೀಜದ ಹೋರಿಗೆ ಹುಟ್ಟಿದ್ದು, ತಾಯಿ ಯಾರ ಮನೆಯದು ಎಂದು ವಿಚಾರಿಸದೆ ದುಡ್ಡಿನ ಗಂಟು ಬಿಚ್ಚುವುದಿಲ್ಲ. ಅದೇ ರೈತನು ಮನೆಗೊಂದು ನಾಯಿಮರಿ ತರಬೇಕಾದಾಗ ಏನು ಮಾಡುತ್ತಾನೆ? ಬಣ್ಣ ಚೆನ್ನಾಗಿದೆಯೆಂದು ಯಾವುದೋ ಹಿತ್ತಿಲಿನಿಂದ ಎತ್ತಿಕೊಂಡು ಬರುತ್ತಾನೆ. ಪಟ್ಟಣದವರಾದರೋ ವಿಲಾಯತಿ ಜಾತಿಯ ಹೆಸರೊಂದನ್ನು ಕೇಳಿ ಸಾವಿರಾರು ರೂಪಾಯಿ ತೆರುತ್ತಾರೆ. ಮರಿಯ ತಾಯಿ ಎಂಥ ಸ್ವಭಾವದ್ದೆಂದು ಇಬ್ಬರೂ ನೋಡುವುದಿಲ್ಲ.

ದನಗಳ ವಿಷಯದಲ್ಲಿ ನಮ್ಮ ಸೀಮೆಗಿರುವ ವಿವೇಕ ಇಂದು ನಿನ್ನೆಯದಲ್ಲ. 17ನೆಯ ಶತಮಾನದ ಕೊನೆಯಲ್ಲಿ ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಚಿಕ್ಕದೇವರಾಜ ಒಡೆಯರು 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನೇ ಇದಕ್ಕಾಗಿ ನಡೆಸಿದರು. ಅದಕ್ಕೆ ಟಿಪ್ಪು ಸುಲ್ತಾನನು 'ಅಮೃತಮಹಲ್' ಎಂದು ಹೆಸರಿಟ್ಟನು. ಅಲ್ಲಿ ಕಲಿತ ಪಾಠವನ್ನು ನಾಯಿಗೂ ಅನ್ವಯಿಸಬೇಕೆಂಬುದೇ ಈ ಲೇಖನದಲ್ಲಿ ನಾವು ಹೇಳಹೊರಟಿರುವ ಮಾತು.

ಯಾವ ಗುಣಕ್ಕಾಗಿ ನಾಯಿಯನ್ನು ಆರಿಸಬೇಕು? ಇದಕ್ಕೆ ಹಕ್ಕಿಬೇಟೆಯ ನಾಯಿಗಳೇ ಒಳ್ಳೆಯ ನಿದರ್ಶನ. ಬ್ರಿಟಿಷರು ನಮ್ಮ ದೇಶಕ್ಕೆ ತಂದ ಪಾಯಿಂಟರ್, ಸೆಟ್ಟರ್, ಸ್ಪ್ಯಾನಿಯಲ್ ಮೊದಲಾದವು ಈ ಗುಂಪಿಗೆ ಸೇರಿದವು. ಪಾಯಿಂಟರ್ ನಾಯಿಯು ಪೊದೆಯಲ್ಲಡಗಿದ ಹಕ್ಕಿಯ ವಾಸನೆಯನ್ನು ಹಿಡಿದೊಡನೆ ಅದರ ಮೇಲೆ ಎರಗುವುದಿಲ್ಲ. ಮೂತಿಯನ್ನು ಆ ಕಡೆಗೆ ಚಾಚಿ, ಒಂದು ಮುಂಗಾಲನ್ನು ಎತ್ತಿ, ಕಲ್ಲಿನಂತೆ ನಿಂತುಬಿಡುತ್ತದೆ. ಒಡೆಯನ ಮಾತು ಬರುವವರೆಗೂ ಕದಲುವುದಿಲ್ಲ. ರಿಟ್ರೀವರ್ ನಾಯಿಯು ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಕಚ್ಚಿ ತಂದೊಪ್ಪಿಸುತ್ತದೆ. ನಮ್ಮ ಮುಧೋಳದ ನಾಯಿಯ ಕಸುಬು ಬೇರೆ. ಅದು ಮೊಲವನ್ನು ಕಣ್ಣಿನಿಂದ ಕಂಡು ಓಟದಿಂದ ಹಿಡಿಯತಕ್ಕ ನಾಯಿ. ಹಕ್ಕಿಬೇಟೆಯ ನಾಯಿಯ ಶ್ರೇಷ್ಠತೆಯಿರುವುದು ಓಟಕ್ಕಿಂತ ಹೆಚ್ಚಾಗಿ ತಡೆದು ನಿಲ್ಲುವುದರಲ್ಲಿ.

ನಮ್ಮಲ್ಲಿ ಈಗ ಬೇಟೆಯೇ ಇಲ್ಲವಲ್ಲ, ಹಕ್ಕಿನಾಯಿಯ ಮಾತೇಕೆ ಎಂದು ಓದುಗರು ಕೇಳಬಹುದು. ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 1991ರ ಅದರ ತಿದ್ದುಪಡಿಯ ತರುವಾಯ ಹವ್ಯಾಸದ ಬೇಟೆಗೆ ಅವಕಾಶವಿಲ್ಲ. ಅಷ್ಟೇ ಅಲ್ಲ, ವನ್ಯಪ್ರಾಣಿಯನ್ನು ಅಟ್ಟಿಸುವುದೂ ಕಾನೂನಿನ ದೃಷ್ಟಿಯಲ್ಲಿ ಬೇಟೆಯೇ. ಆದರೆ ಬೇಟೆ ನಿಂತ ಮಾತ್ರಕ್ಕೆ ನಾಯಿಯೂ ಹಕ್ಕಿಯೂ ಎದುರಾಗುವುದು ನಿಂತಿಲ್ಲ. ಶ್ರೀರಂಗಪಟ್ಟಣದ ಬಳಿ, ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು ಇದೆ. ಪಾಂಡವಪುರ ತಾಲ್ಲೂಕಿನಲ್ಲಿ ಮೇಲುಕೋಟೆಯ ವನ್ಯಜೀವಿಧಾಮ, ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿಯ ನವಿಲುಧಾಮ ಇವೆ. ಧಾಮಗಳ ಎಲ್ಲೆಯನ್ನು ಹಕ್ಕಿಗಳು ಅರಿಯವು. ನವಿಲು, ಗೌಜಲ ಹಕ್ಕಿ, ಟಿಟ್ಟಿಭ ಇವೆಲ್ಲ ನೆಲದ ಮೇಲೆ ಮೊಟ್ಟೆಯಿಡುವಂಥವು. ಹೊಲದ ಬದು, ಕುರುಚಲು ಪೊದೆ, ಬಯಲು ನೆಲ ಇವೇ ಅವುಗಳ ಬಾಣಂತಿಕೋಣೆ. ಅಟ್ಟುವ ನಾಯಿಯೊಂದು ಬದುವಿನ ಮೇಲೆ ಹಾದುಹೋದರೆ ಒಂದು ಸಂಸಾರವೇ ನಾಶವಾಗಬಹುದು. ಹಾಗೆಯೇ ಗಾಬರಿಯ ನಾಯಿಯೊಂದು ಬಾಗಿಲಲ್ಲಿದ್ದರೆ ಶಾಲೆಗೆ ಹೋಗುವ ಮಗುವಿಗೆ ಅಪಾಯ ತಪ್ಪಿದ್ದಲ್ಲ. ಆದುದರಿಂದ ಹಕ್ಕಿನಾಯಿಯ ಗುಣದಲ್ಲಿ ಕೋವಿಗೆ ಸಂಬಂಧಿಸಿದ ಅರ್ಧವನ್ನು ಬಿಟ್ಟು, ನಿಲ್ಲುವ ಅರ್ಧವನ್ನು ನಾವು ಉಳಿಸಿಕೊಳ್ಳಬೇಕು.

ಈ ಶಾಂತಗುಣ ಎಲ್ಲಿಂದ ಬರುತ್ತದೆ? 1960ರ ದಶಕದಲ್ಲಿ ಅಮೆರಿಕದ ಆರ್ಕಾನ್ಸಾಸ್ ಸಂಸ್ಥಾನದಲ್ಲಿ ಮರ್ಫ್ರಿ, ಡೈಕ್‌ಮನ್ ಮೊದಲಾದ ಸಂಶೋಧಕರು ಪಾಯಿಂಟರ್ ನಾಯಿಗಳಲ್ಲೇ ಎರಡು ವಂಶಗಳನ್ನು ಬೆಳೆಸಿದರು. ಒಂದು ವಂಶದವು ಮನುಷ್ಯನನ್ನು ಕಂಡು ಬಾಲವಾಡಿಸಿಕೊಂಡು ಬರುತ್ತಿದ್ದುವು. ಇನ್ನೊಂದರವು ಮನುಷ್ಯನು ಸಮೀಪಿಸಿದರೆ ಮೈ ಸೆಟೆದು ನಡುಗುತ್ತಿದ್ದುವು. ಜಾತಿ ಒಂದೇ, ಆಕಾರ ಒಂದೇ, ಸ್ವಭಾವ ಮಾತ್ರ ಅಜಗಜಾಂತರ. ರಷ್ಯದ ನೊವೊಸಿಬಿರ್ಸ್ಕ್‌ನಲ್ಲಿ ಬೆಲ್ಯಾಯೆವ್ ಎಂಬ ವಿಜ್ಞಾನಿ 1959ರಲ್ಲಿ ಆರಂಭಿಸಿದ ನರಿಗಳ ಪ್ರಯೋಗವೂ ಇದನ್ನೇ ಸಾರುತ್ತದೆ. ಪ್ರತಿ ಪೀಳಿಗೆಯಲ್ಲಿಯೂ ಮನುಷ್ಯನಿಗೆ ಅಂಜದ ಕೆಲವನ್ನೇ ಆಯ್ದು ಮರಿಮಾಡಿಸಿದಾಗ, ಕೆಲವೇ ಪೀಳಿಗೆಗಳಲ್ಲಿ ಬಾಲವಾಡಿಸುವ, ಕೈ ನೆಕ್ಕುವ ನರಿಗಳು ಹುಟ್ಟಿದುವು. ಆ ನರಿಗಳ ಪೂರ್ವಜರು ಅದಾಗಲೇ ತುಪ್ಪಳಕ್ಕಾಗಿ ಸಾಕಿದ ನರಿಗಳಾಗಿದ್ದುವು, ನೇರವಾಗಿ ಕಾಡಿನಿಂದ ಬಂದವಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ಆದರೂ ಸ್ವಭಾವಕ್ಕೆ ಆನುವಂಶಿಕವಾದ ಬೇರುಂಟೆಂಬುದರಲ್ಲಿ ಸಂದೇಹವಿಲ್ಲ.

ಬೇರೊಂದೇ ಸಾಲದು, ನೀರೂ ಬೇಕು. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಐದು ಜಾತಿಯ ನಾಯಿಗಳನ್ನು ಅನೇಕ ವರ್ಷ ಅಭ್ಯಸಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರಿಯ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲ ಬಹು ಮುಖ್ಯವೆಂದು ತೋರಿಸಿದ್ದಾರೆ. ಈ ಅವಧಿಯಲ್ಲಿ ಮನುಷ್ಯರ ಕೈ, ದನಿ, ಮಕ್ಕಳ ಆಟ, ದನಕರುಗಳ ಓಡಾಟ ಇವನ್ನು ಕಂಡ ಮರಿ ಅವುಗಳಿಗೆ ಹೊಂದಿಕೊಳ್ಳುತ್ತದೆ. ಕಾಣದೆ ಬೆಳೆದ ಮರಿಗೆ ಜೀವಮಾನವೆಲ್ಲ ಪುಕ್ಕಲುತನ ಉಳಿಯಬಹುದು.

ಇಲ್ಲಿ ಒಂದು ಆಕ್ಷೇಪಣೆ ಕೇಳಿಬರುತ್ತದೆ: "ನಾಡುನಾಯಿಗೆ ಏನು ಕಲಿಸಲಾದೀತು? ಶಾಂತವಾದ ನಾಯಿ ಬೇಕಾದರೆ ಹೆಸರಾಂತ ಜಾತಿಯದನ್ನೇ ಕೊಳ್ಳಬೇಕು." ಇದಕ್ಕೆ 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಉತ್ತರವೀಯುತ್ತದೆ. 18,000ಕ್ಕೂ ಹೆಚ್ಚು ನಾಯಿಗಳ ಒಡೆಯರಿಂದ ವಿವರ ಪಡೆದು, 2,000ಕ್ಕೂ ಹೆಚ್ಚು ನಾಯಿಗಳ ಜೀನುಗಳನ್ನು ಪರೀಕ್ಷಿಸಿದಾಗ, ನಾಯಿ ನಾಯಿಗಳ ನಡತೆಯಲ್ಲಿರುವ ವ್ಯತ್ಯಾಸದಲ್ಲಿ ಜಾತಿಯಿಂದ ಬರುವುದು ಶೇಕಡ 9ರಷ್ಟು ಮಾತ್ರವೆಂದು ಕಂಡುಬಂದಿತು. ಹೇಳಿದ ಮಾತು ಕೇಳುವ ಗುಣದಲ್ಲಿ ಜಾತಿಯ ಪ್ರಭಾವ ಉಳಿದವಕ್ಕಿಂತ ಹೆಚ್ಚೆಂಬುದನ್ನು ಒಪ್ಪೋಣ. ಆದರೆ ಸ್ವಭಾವದ ಅನೇಕ ಗುಣಗಳು ತಂದೆತಾಯಿಗಳಿಂದ ಗಣನೀಯವಾಗಿ ಮರಿಗಳಿಗೆ ಇಳಿಯುತ್ತವೆಂದು ಅದೇ ಅಧ್ಯಯನ ತಿಳಿಸುತ್ತದೆ. ಎಂದರೆ, ಕೇಳಬೇಕಾದುದು ಜಾತಿಯ ಹೆಸರಿಗಿಂತ ಹೆಚ್ಚಾಗಿ ತಂದೆತಾಯಿಗಳ ನಡತೆಯನ್ನು. ನಮ್ಮ ಬಿಸಿಲಿಗೆ ಒಗ್ಗಿದ ನಾಡುನಾಯಿಗಳಲ್ಲಿಯೂ ಶಾಂತವಾದ ತಾಯಂದಿರು ಇದ್ದೇ ಇವೆ. ಅವನ್ನು ಗುರುತಿಸಿ ಆರಿಸಿದವರು ಮಾತ್ರ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮರಿಯನ್ನು ಆರಿಸುವ ಮೊದಲು ತಾಯಿಯ ಬಳಿ ಅಪರಿಚಿತರಾಗಿ, ಅದರ ಒಡೆಯರ ಸಮಕ್ಷಮದಲ್ಲಿ, ಸ್ವಲ್ಪ ಹೊತ್ತು ದೂರದಲ್ಲಿ ನಿಂತು ನೋಡಬೇಕು. ಅದು ಒಮ್ಮೆ ಬೊಗಳಿ ಸುಮ್ಮನಾದರೆ ಒಳ್ಳೆಯದು. ಹಲ್ಲು ಕಿರಿದರೆ ಅಥವಾ ನಡುಗಿ ಮೂಲೆ ಸೇರಿದರೆ ಆ ಮರಿ ಬೇಡ. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಹುಚ್ಚುನಾಯಿ ರೋಗದ ಲಸಿಕೆಯನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು. ಮನೆಯ ಕೋಳಿಗಳ ಮುಂದೆ, ಉದ್ದನೆಯ ಹಗ್ಗದಲ್ಲಿ, 'ನಿಲ್ಲು' ಎಂಬ ಒಂದೇ ಮಾತನ್ನು ದಿನವೂ ಕಲಿಸಬೇಕು. ನಿಂತೊಡನೆ ಒಂದು ತುಂಡು ಮುದ್ದೆ ಕೊಟ್ಟರೆ ಸಾಕು, ಕೋಲು ಬೇಡ. ಹೊಡೆತವು ಭಯವನ್ನು ಬೆಳೆಸುತ್ತದೆ, ಭಯವೇ ಕಡಿತದ ಮೂಲ. ಮರಿಮಾಡಿಸಬಾರದೆನಿಸಿದ ನಾಯಿಗೆ ಸಂತಾನಹರಣ ಮಾಡಿಸಬೇಕು. ಇದರೊಂದಿಗೆ ಒಂದು ಎಚ್ಚರಿಕೆ: ಎರಡು ಮೂರು ನಾಯಿಗಳ ಸಂತತಿಯನ್ನೇ ಮತ್ತೆ ಮತ್ತೆ ಕೂಡಿಸಿದರೆ ಅಡಗಿದ್ದ ರೋಗಗಳು ತಲೆಯೆತ್ತುತ್ತವೆ. ಹಲವು ಊರುಗಳ ಒಳ್ಳೆಯ ನಾಯಿಗಳು ಬೇಕು.

ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳ ನಾಯಿಗಾಗಿ ಸಂಶೋಧನಾ ಕೇಂದ್ರವೊಂದನ್ನು ನಡೆಸುತ್ತಿದೆ. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅಂಥ ಕೇಂದ್ರ ಕೂಡಲೇ ದೊರೆಯಲೆಂದು ನಾವು ಕೇಳುವುದಿಲ್ಲ. ಹೇಮಗಿರಿ, ಬೇಬಿ ಬೆಟ್ಟಗಳ ಜಾತ್ರೆಯಲ್ಲಿ ದನಗಳ ಬಹುಮಾನದ ಪಕ್ಕದಲ್ಲಿ ಒಂದು ದಿನ, ಲಸಿಕೆ ಹಾಕಿಸಿದ ನಾಯಿಗಳ ನಡತೆಗೂ ಒಂದು ಪರೀಕ್ಷೆ ನಡೆಯಲಿ. ಬಣ್ಣಕ್ಕೆ ಅಂಕ ಬೇಡ, ಕಿವಿಯ ಆಕಾರಕ್ಕೆ ಅಂಕ ಬೇಡ. ಕೋಳಿಯನ್ನು ಕಂಡು ನಿಂತಿತೇ, ಮಗುವನ್ನು ಕಂಡು ಶಾಂತವಾಗಿದ್ದಿತೇ ಎಂದಷ್ಟೇ ನೋಡಲಿ. ಯಾವ ತಾಯಿಗೆ ಎಂಥ ಮರಿಗಳಾದುವೆಂಬ ಲೆಕ್ಕವನ್ನು ಪ್ರೌಢಶಾಲೆ, ಕಾಲೇಜುಗಳ ವಿಜ್ಞಾನ ಸಂಘಗಳು ಒಂದು ಪುಸ್ತಕದಲ್ಲಿ ವರ್ಷ ವರ್ಷವೂ ಬರೆದಿಡಲಿ. ಆನುವಂಶಿಕತೆಯ ಪಾಠವನ್ನು ಬಟಾಣಿಯ ಚಿತ್ರದಿಂದ ಕಲಿತ ವಿದ್ಯಾರ್ಥಿಗಳಿಗೆ ಇದಕ್ಕಿಂತ ಜೀವಂತವಾದ ಪ್ರಯೋಗ ಬೇರೆ ಯಾವುದಿದೆ? ಹೋರಿಯ ಕುಲವನ್ನು ಕೇಳಬಲ್ಲ ಜನ ನಾಯಿಯ ತಾಯಿಯನ್ನೂ ಕೇಳಲಿ. ಬದುವಿನ ಗೌಜಲ ಹಕ್ಕಿಯೂ ಬೀದಿಯ ಮಗುವೂ ನಿಶ್ಚಿಂತೆಯಿಂದಿರುವುವು.