ಭಾನುವಾರದ ಕಾಫಿ, ಎಕ್ಸೆಲ್‌ನ 30 ಲಕ್ಷ

ನಮ್ಮನೆ ಬಾಲ್ಕನಿಯಲ್ಲಿ ಕಾಫಿ ಬೀಜ ಹುರಿಯೋ ಪುಟ್ಟ ಯಂತ್ರ ಇದೆ. ಒಂದು ಸಲಕ್ಕೆ ಒಂದು ಕೆ.ಜಿ. ಭಾನುವಾರ ಬೆಳಿಗ್ಗೆ ಆರಕ್ಕೇ ಅದರ ಮುಂದೆ ಕೂತುಬಿಡ್ತೀನಿ. ಹಸಿರು ಬೀಜ ಹಳದಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಚಟಪಟ ಸಿಡಿಯೋಕೆ ಶುರುವಾದಾಗ ಕಿವಿ ಅಲ್ಲೇ ಇರಬೇಕು. ಸ್ವಲ್ಪ ಮೈಮರೆತರೂ ಡಿಕಾಕ್ಷನ್ ಕಹಿ. ಒಂದು ಕೆ.ಜಿ. ಹಾಕಿದರೆ ಕೈಗೆ ಸಿಗೋದು ಸುಮಾರು 850 ಗ್ರಾಂ. ಹೋಗೋದು ಹೆಚ್ಚಾಗಿ ನೀರು. ಈ ಲೆಕ್ಕ ಮರೆತೇ ಮೊದಲ ಆರು ತಿಂಗಳು ಮಾರಿದ್ದೆ. ಇಂಜಿನಿಯರ್ ಅಂತೆ!

ಪಕ್ಕದ ಮನೆಯವರಿಗೆ ಕೊಟ್ಟಿದ್ದು ಅಪಾರ್ಟ್‌ಮೆಂಟ್ ದಾಟಿ ಬೆಳೀತು. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದೆ, ಆಗ ವರ್ಷಕ್ಕೆ 100 ರೂಪಾಯಿ. ಎಚ್‌ಆರ್‌ಗೆ ಮೇಲ್ ಹಾಕಿ ಒಪ್ಪಿಗೆನೂ ತಗೊಂಡೆ. ನೀವೂ ಏನಾದ್ರೂ ಶುರು ಮಾಡೋದಿದ್ರೆ ಈ ಮೇಲ್ ಮಾತ್ರ ಮರೀಬೇಡಿ.

ನನಗೀಗ 32. 37ಕ್ಕೆ ಕೆಲಸ ಬಿಡಬೇಕು ಅಂತ ನಾನೂ ಹೆಂಡತಿಯೂ ಉಳಿಸ್ತಾ ಇದ್ದೀವಿ. ವರ್ಷದ ಖರ್ಚಿನ 25 ಪಟ್ಟು ದುಡ್ಡು ಬೇಕು ಅನ್ನೋ ಸೂತ್ರ ನಿಮಗೂ ಗೊತ್ತಿರುತ್ತೆ. ಅದರ ಮೂಲ, ಅಮೆರಿಕದ ವಿಲಿಯಂ ಬೆಂಗೆನ್ 1994ರಲ್ಲಿ ಅಲ್ಲಿನ ಮಾರುಕಟ್ಟೆ ನೋಡಿ, 30 ವರ್ಷದ ನಿವೃತ್ತಿಗೆ ಹಾಕಿದ ಲೆಕ್ಕ. 37ಕ್ಕೆ ಬಿಟ್ಟವನಿಗೆ ಅದೇ ಸಾಲದು. ನಾನು ಇನ್ನೊಂದು ಜಾಣತನ ಮಾಡಿದೆ. ಕಾಫಿಯಿಂದ ತಿಂಗಳಿಗೆ 10,000 ಉಳೀತಿತ್ತು. ವರ್ಷಕ್ಕೆ 1.2 ಲಕ್ಷ, ಅದರ 25 ಪಟ್ಟು 30 ಲಕ್ಷ. ಗುರಿಯಿಂದ ಅಷ್ಟನ್ನೂ ಕಳೆದುಬಿಟ್ಟೆ. ನಿವೃತ್ತಿ ಒಂದೂವರೆ ವರ್ಷ ಹತ್ತಿರ ಬಂತು.

ಆಮೇಲೆ 2024. ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ಬರ ಬಿದ್ದು ಕಾಫಿ ಬೆಲೆ ಗಗನಕ್ಕೇರಿತು. ಮೂಡಿಗೆರೆ ಕಡೆ ತೋಟ ಇರೋ ಮಾವ ಫೋನ್ ಮಾಡಿ, "ಏನ್ರೀ ಅಳಿಯಂದ್ರೇ, ನಮ್ಗೆ ಹಬ್ಬ, ನಿಮ್ಗೆ ಉಪವಾಸ" ಅಂತ ನಕ್ಕರು. ನಿಜವೇ. ನನ್ನ ಹತ್ತು ಸಾವಿರ ಮೂರು ಸಾವಿರಕ್ಕೆ ಇಳಿದಿತ್ತು.

ಹವ್ಯಾಸ ಅಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಶೀಟ್‌ನಲ್ಲಿ ಆ 30 ಲಕ್ಷ ಕೂತಿತ್ತಲ್ಲ! ಮದುವೆಮನೆಯವರು ತಾಂಬೂಲದ ಜೊತೆ ಕೊಡೋಕೆ 60 ಕೆ.ಜಿ. ಕೇಳಿದ್ದಕ್ಕೆ ಹೂಂ ಅಂದೆ. ಆಫೀಸ್ ಕಾಲ್ ಮುಗಿಸಿ ರಾತ್ರಿ ಹನ್ನೊಂದರ ತನಕ ಹುರಿದೆ. ಮೇಲ್ಮನೆಯವರು ಹೊಗೆ ಅಂತ ಜಗಳಕ್ಕೆ ಬಂದರು. ಎರಡು ಕೆ.ಜಿ. ಸೀದು ಹೋಯ್ತು. ಹತ್ತು ದಿನ ನಾನು ಒಂದು ಲೋಟ ಕಾಫಿನೂ ನೆಮ್ಮದಿಯಾಗಿ ಕುಡೀಲಿಲ್ಲ.

ಪೊಟ್ಟಣಕ್ಕೆ ಲೇಬಲ್ ಅಂಟಿಸ್ತಾ ಹೆಂಡತಿ ಕೇಳಿದಳು: "ಈ ಕೆಲ್ಸ ಬಿಡ್ಬೇಕು ಅನ್ಸಿದ್ರೆ ನೋಟಿಸ್ ಪೀರಿಯಡ್ ಯಾರಿಗ್ ಕೊಡ್ತೀಯಾ?"

ಉತ್ತರ ಇರಲಿಲ್ಲ. ಅವತ್ತು ರಾತ್ರಿ ಆ ಸೆಲ್‌ಗೆ ಸೊನ್ನೆ ಹಾಕಿದೆ. ನಿವೃತ್ತಿ ಮತ್ತೆ ಒಂದೂವರೆ ವರ್ಷ ಹಿಂದಕ್ಕೆ ಹೋಯ್ತು. ಹೊಟ್ಟೆ ಉರೀಲಿಲ್ಲ ಅಂದ್ರೆ ಸುಳ್ಳು. ಈಗ ತಿಂಗಳಿಗೆ 20 ಕೆ.ಜಿ. ಮಾತ್ರ. ಬಂದ ದುಡ್ಡು ಬೇರೆ ಖಾತೆಗೆ. ಹೊಸಬರು ಕೇಳಿದ್ರೆ "ಮುಂದಿನ ತಿಂಗಳು" ಅಂತೀನಿ.

ಮಾವ ಕಳಿಸಿದ ಎಸ್.795 ಬೀಜ ಮೂಲೆಯಲ್ಲಿದೆ, ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ಹಳೇ ತಳಿ. ಅದು ಮಾರೋಕಲ್ಲ. ಈ ಭಾನುವಾರ ಮಳೆ ಬರದಿದ್ರೆ ಹುರೀಬೇಕು.